ಕಾಫಿ ಆರದಂತೆ ಕಾಯುವ ಡಬ್ಬ: ಒಂದು ಮೇಣದಬತ್ತಿಯಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಬಗೆ

ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ರೇಷ್ಮೆ ಹುಳುಗಳಿಗೆ ಹೊತ್ತು ಗೊತ್ತು ಇಲ್ಲ. ಸೊಪ್ಪು ಹಾಕಿದಷ್ಟೂ ಮೇಯುತ್ತವೆ. ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳಲ್ಲಿ ಆ ಒಂದು ವಾರ ಯಾರಿಗೂ ಸರಿಯಾದ ನಿದ್ದೆ ಇರುವುದಿಲ್ಲ. ನಮ್ಮಪ್ಪ ರಾತ್ರಿ ಹತ್ತೂವರೆಗೆ ಕಾಫಿ ಲೋಟವನ್ನು ಜಗುಲಿ ಮೇಲೆ ಇಟ್ಟು, "ಈಗ ಬಂದೆ" ಎಂದು ಹುಳು ಮನೆಗೆ ಹೋಗುತ್ತಾರೆ. ಬರುವುದು ಮುಕ್ಕಾಲು ಗಂಟೆ ಬಿಟ್ಟು. ಡಿಸೆಂಬರ್ ಚಳಿಯಲ್ಲಿ ಅಷ್ಟು ಹೊತ್ತಿಗೆ ಕಾಫಿ ತಣ್ಣೀರಾಗಿರುತ್ತದೆ. ಅಮ್ಮ ಮತ್ತೆ ಎದ್ದು ಗ್ಯಾಸ್ ಹಚ್ಚಬೇಕು. ಎರಡನೇ ಸಲ ಕುದಿಸಿದ ಫಿಲ್ಟರ್ ಕಾಫಿಯ ರುಚಿ ನಿಮಗೆ ಗೊತ್ತಲ್ಲ.

ಫ್ಲಾಸ್ಕ್ ಇಲ್ವಾ ಅಂತ ಕೇಳಬಹುದು. ಇದೆ. ಐದಾರು ಗಂಟೆ ಬಿಸಿ ಇರಬೇಕು ಅಂದರೆ ಫ್ಲಾಸ್ಕೇ ಸರಿ, ಅದಕ್ಕೆ ಈ ಡಬ್ಬ ಸಾಟಿಯಲ್ಲ. ಆದರೆ ಅಪ್ಪನಿಗೆ ಕಾಫಿ ಲೋಟದಲ್ಲೇ ಇರಬೇಕು. ಎರಡು ಗುಟುಕು ಕುಡಿದು, ಎದ್ದು ಹೋಗಿ, ಬಂದು ಇನ್ನೆರಡು ಗುಟುಕು. ಇನ್ನು ಕರೆಂಟಿನ ಕಪ್ ವಾರ್ಮರ್. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂತು. ನಮ್ಮ ಜಗುಲಿಗೆ ಮಾತ್ರ ಇನ್ನೂ ಒಂದು ಪ್ಲಗ್ ಪಾಯಿಂಟ್ ಬಂದಿಲ್ಲ. ಹಾಗಾಗಿ ಮೇಣದಬತ್ತಿ.

ಮಾಡುವ ಕೆಲಸ ಒಂದು ಗಂಟೆಯದು. ಆದರೆ ಶುರು ಮಾಡುವ ಮೊದಲು ಒಂದು ಮಾತು ತಿಳಿದುಕೊಂಡರೆ ಆಮೇಲಿನದೆಲ್ಲ ಸುಲಭವಾಗುತ್ತದೆ. ಈ ಡಬ್ಬ ಕಾಫಿ ಕಾಯಿಸುವುದಿಲ್ಲ, ಕಾಫಿ ಆರದಂತೆ ಕಾಯುತ್ತದೆ. ಮೊದಲ ಸಲ ನಾನು ಇದನ್ನು ಸಣ್ಣ ಒಲೆ ಅಂದುಕೊಂಡೇ ಮಾಡಿದ್ದೆ. ಅದಕ್ಕೇ ಎಲ್ಲ ತಪ್ಪಾಯಿತು.

ಒಂದು ಬತ್ತಿಯಲ್ಲಿ ಎಷ್ಟು ಬಿಸಿ ಇದೆ?

ಅಲ್ಯೂಮಿನಿಯಂ ಬಟ್ಟಲಲ್ಲಿ ಬರುವ ಚಿಕ್ಕ ಟೀ ಲೈಟ್ ಮೇಣದಬತ್ತಿಯಲ್ಲಿ ಸಾಮಾನ್ಯವಾಗಿ 12ರಿಂದ 14 ಗ್ರಾಂ ಮೇಣ ಇರುತ್ತದೆ. ಸುಮಾರು ನಾಲ್ಕು ಗಂಟೆ ಉರಿಯುತ್ತದೆ. ಒಂದು ಗ್ರಾಂ ಮೇಣ ಉರಿದರೆ 42 ಕಿಲೋಜೂಲ್ ಆಸುಪಾಸು ಶಾಖ ಬರುತ್ತದೆ. ಲೆಕ್ಕ ಹಾಕಿದರೆ ಆ ಬತ್ತಿಯ ಶಕ್ತಿ 35ರಿಂದ 40 ವ್ಯಾಟ್. ಗ್ಯಾಸ್ ಒಲೆಯ ಚಿಕ್ಕ ಬರ್ನರ್ ಕೂಡ ಸಾವಿರ ವ್ಯಾಟ್‌ಗೂ ಮೇಲೆ ಇರುತ್ತದೆ.

ಆ 35 ವ್ಯಾಟ್ ಎಲ್ಲವೂ ಲೋಟಕ್ಕೆ ಸಿಗುವುದಿಲ್ಲ. ಬಹುಪಾಲು ಬಿಸಿ ಗಾಳಿಯಾಗಿ ಪಕ್ಕದಿಂದ ಹಾರಿಹೋಗುತ್ತದೆ. ಮೂರರಲ್ಲಿ ಒಂದು ಭಾಗ ದಕ್ಕಿತು ಅಂತ ಧಾರಾಳವಾಗಿಯೇ ಅಂದುಕೊಳ್ಳೋಣ, ಅಂದರೆ 12 ವ್ಯಾಟ್. ಒಂದು ಲೋಟ ಕಾಫಿ 150 ಮಿಲಿ. ಅದರ ಬಿಸಿ ಒಂದು ಡಿಗ್ರಿ ಏರಬೇಕಾದರೆ ಸುಮಾರು 630 ಜೂಲ್ ಬೇಕು. 12 ವ್ಯಾಟ್‌ನಲ್ಲಿ ಅದಕ್ಕೆ ಐವತ್ತು ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಲೋಟ ತನ್ನ ಪಾಡಿಗೆ ಬಿಸಿ ಕಳೆದುಕೊಳ್ಳುತ್ತಲೇ ಇರುತ್ತದೆ. ಬಿಸಿ ಏರಿದಷ್ಟೂ ಕಳೆದುಕೊಳ್ಳುವುದು ಜಾಸ್ತಿ. ಒಂದು ಹಂತದಲ್ಲಿ ಬರುವುದೂ ಹೋಗುವುದೂ ಸಮವಾಗುತ್ತದೆ, ಕಾಫಿ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸು ಎತ್ತರವಿರುವುದರಿಂದ ನೀರು 97 ಡಿಗ್ರಿಗೇ ಕುದಿಯುತ್ತದೆ. ಆ ರಿಯಾಯಿತಿ ಕೊಟ್ಟರೂ ಈ ಬತ್ತಿ ಒಂದು ಲೋಟ ಕುದಿಸಲಾರದು. ನಮಗೆ ಬೇಕಿರುವುದು ಕುಡಿಯುವ ಬಿಸಿ ನಿಂತಿರುವುದು, ಅಷ್ಟೇ. ಅದಕ್ಕೆ ಈ ಬತ್ತಿ ಸಾಕು.

ಇದೇ ಲೆಕ್ಕ ಇನ್ನೊಂದು ವಿಷಯಕ್ಕೂ ಉತ್ತರ ಕೊಡುತ್ತದೆ. ಹೂಕುಂಡ ಬೋರಲು ಹಾಕಿ ಒಳಗೆ ಮೇಣದಬತ್ತಿ ಇಟ್ಟರೆ ಕೋಣೆಯೇ ಬೆಚ್ಚಗಾಗುತ್ತದೆ ಎಂಬ ವಿಡಿಯೊಗಳು ಓಡಾಡುತ್ತವಲ್ಲ, ಅವನ್ನು ನಂಬಬೇಡಿ. ಸುಮ್ನೆ ಕೂತಿರುವ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಬರುತ್ತಿರುತ್ತದೆ. ಕೋಣೆ ಬೆಚ್ಚಗಾಗಬೇಕಿದ್ದರೆ ನೆಂಟರನ್ನು ಕರೆಯಿರಿ.

ಬೇಕಾಗುವ ಸಾಮಾನು

ಒಂದು ತಗಡಿನ ಡಬ್ಬ. ಒಂದು ಕೆ.ಜಿ. ರಸಗುಲ್ಲಾ ಬರುವ ಡಬ್ಬ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಸುಮಾರು 10 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಕಾಗದದ ಲೇಬಲ್ ಅಂಟಿಸಿದ್ದು ಸಿಕ್ಕರೆ ಒಳ್ಳೆಯದು. ಮೇಲೆಲ್ಲ ಬಣ್ಣದ ಚಿತ್ರ ಅಚ್ಚು ಹಾಕಿರುವ ಡಬ್ಬ ಕಾದರೆ ಬಣ್ಣ ಸುಟ್ಟ ವಾಸನೆ ಬರುತ್ತದೆ. ಗುಜರಿ ಅಂಗಡಿಯಲ್ಲಿ ಹುಡುಕುವುದಾದರೆ ಪೇಂಟ್, ಥಿನ್ನರ್, ಔಷಧಿ ಇದ್ದ ಡಬ್ಬ ಎಷ್ಟು ತೊಳೆದರೂ ಬೇಡ.

ಹಳೆಯ ಸೈಕಲ್ ಕಡ್ಡಿ ನಾಲ್ಕು. ಸೈಕಲ್ ಶಾಪ್‌ನಲ್ಲಿ ಸೊಟ್ಟಗಾದವನ್ನು ಸುಮ್ನೆ ಕೊಡುತ್ತಾರೆ. ಡಬ್ಬ ಕೂರಿಸಲು ಒಂದು ಇಟ್ಟಿಗೆ ಅಥವಾ ಒಡೆದ ನೆಲದ ಟೈಲ್ಸ್ ಚೂರು, ಅದರ ಮೇಲಿಡಲು ಒಂದು ಹಳೆಯ ಸ್ಟೀಲ್ ತಟ್ಟೆ. ಸುತ್ತಿಗೆ, ಒಂದು ಸಣ್ಣ ಮೊಳೆ, ಒಂದು ದಪ್ಪ ಮೊಳೆ, ಇಕ್ಕಳ, ಡಬ್ಬ ತೆರೆಯುವ ಓಪನರ್, ಉಪ್ಪುಕಾಗದ. ಲೋಟ ಮುಚ್ಚಲು ಒಂದು ಚಿಕ್ಕ ಬಟ್ಟಲು. ಬತ್ತಿ ಆರಿಸಲು ಒಂದು ಸ್ಟೀಲ್ ಮುಚ್ಚಳ. ಮತ್ತೆ ಮಸಿಬಟ್ಟೆ.

ಲೋಟದ ವಿಷಯಕ್ಕೆ ಬಂದರೆ, ಒಂದೇ ಪದರದ ಸ್ಟೀಲ್ ಲೋಟ ಬಿಟ್ಟು ಬೇರೆ ಯೋಚಿಸಬೇಡಿ. ಸಾಮಾನ್ಯ ಗಾಜಿನ ಲೋಟ ಬಿರುಕು ಬಿಡುತ್ತದೆ. ಪಿಂಗಾಣಿ ಕಪ್ ನಡೆಯುತ್ತದೆ, ಆದರೆ ತಳ ದಪ್ಪ, ಬಿಸಿ ಏರುವುದು ನಿಧಾನ. ಎರಡು ಪದರದ ಮಗ್ ಇಟ್ಟರೆ ಕೆಳಗಿನ ಶಾಖ ಒಳಗೆ ಹೋಗುವುದೇ ಇಲ್ಲ. ಅದನ್ನು ಮಾಡಿರುವುದೇ ಶಾಖ ತಡೆಯಲಿಕ್ಕೆ, ಅಲ್ವಾ?

ಡಬ್ಬ ತಯಾರು ಮಾಡುವುದು

ಮೊದಲು ಡಬ್ಬದ ಮೇಲು ಮತ್ತು ತಳ ಎರಡನ್ನೂ ಓಪನರ್‌ನಿಂದ ತೆಗೆಯಿರಿ. ಎರಡೂ ಕಡೆ ಬಾಯಿ ಇರುವ ಕೊಳವೆ ಉಳಿಯುತ್ತದೆ. ತಳ ಯಾಕೆ ತೆಗೆಯಬೇಕು ಅಂದರೆ, ಬತ್ತಿ ತಟ್ಟೆಯ ಮೇಲೆಯೇ ಇರುತ್ತದೆ, ಡಬ್ಬವನ್ನು ಅದರ ಮೇಲೆ ಟೋಪಿಯ ಹಾಗೆ ಇಳಿಸುತ್ತೇವೆ. ಹಚ್ಚುವುದು ಸುಲಭ, ಆರಿಸುವುದೂ ಸುಲಭ. ಅಂಚು ಕೈ ಕೊಯ್ಯುತ್ತದೆ. ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ತರಿ ಉಳಿದ ಕಡೆ ಇಕ್ಕಳದಿಂದ ಒಳಗೆ ಮಡಿಸಿ.

ಆಮೇಲೆ ತೂತು. ಬರಿಯ ಡಬ್ಬಕ್ಕೆ ಮೊಳೆ ಹೊಡೆದರೆ ಅದು ಸೊಟ್ಟಗಾಗುತ್ತದೆ. ಒಳಗೆ ತೂರುವಷ್ಟು ದಪ್ಪದ ಒಂದು ಮರದ ತುಂಡನ್ನು ಅಡ್ಡಲಾಗಿ ಇಟ್ಟು, ಡಬ್ಬವನ್ನು ಅದಕ್ಕೆ ಬಳೆಯ ಹಾಗೆ ತೊಡಿಸಿ. ಈಗ ಏಟು ಮರದ ಮೇಲೆ ಬೀಳುತ್ತದೆ, ತೂತು ನೀಟಾಗಿ ಬರುತ್ತದೆ. ನಾನು ಒನಕೆ ತುದಿಗೆ ತೊಡಿಸಿ ಹೊಡೆದೆ. ಅಮ್ಮ ನೋಡಲಿಲ್ಲ.

ತೂತುಗಳು ಸಮ ದೂರದಲ್ಲಿರಬೇಕಾದರೆ ಅಳತೆ ಪಟ್ಟಿ ಬೇಕಿಲ್ಲ. ಒಂದು ಕಾಗದದ ಪಟ್ಟಿಯನ್ನು ಡಬ್ಬದ ಸುತ್ತ ಸುತ್ತಿ, ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಿ. ಅದನ್ನು ಮೂರು ಮಡಿಕೆ ಮಾಡಿ, ಮತ್ತೆ ಎರಡು ಸಲ ಅರ್ಧಕ್ಕೆ ಮಡಿಸಿ. ಬಿಚ್ಚಿದರೆ ಹನ್ನೆರಡು ಭಾಗ. ಪಟ್ಟಿಯನ್ನು ಡಬ್ಬಕ್ಕೆ ಸುತ್ತಿ ಮಡಿಕೆ ಇರುವಲ್ಲೆಲ್ಲ ಗುರುತು ಹಾಕಿ.

ಕೆಳಗಿನ ಅಂಚಿನಿಂದ ಒಂದು ಸೆಂ.ಮೀ. ಮೇಲೆ ಹನ್ನೆರಡು ತೂತು, ದಪ್ಪ ಮೊಳೆಯಲ್ಲಿ. ಒಂದೊಂದೂ ಪೆನ್ಸಿಲ್ ತೂರುವಷ್ಟು ಇರಲಿ. ಗಾಳಿ ಒಳಗೆ ಬರುವುದು ಇಲ್ಲಿಂದ. ಒಳಗೆ ಬಿಸಿಯಾದ ಗಾಳಿ ಹಗುರಾಗಿ ಮೇಲೆ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಸೌದೆ ಒಲೆಯ ಲೆಕ್ಕವೇ. ಈ ತೂತುಗಳಲ್ಲಿ ಜಿಪುಣತನ ಮಾಡಿದರೆ ಉರಿ ಕುಗ್ಗಿ ಹೊಗೆ ಬರುತ್ತದೆ. ಬತ್ತಿ ಮಂಕಾಗಿ ಉರಿಯುತ್ತಿದ್ದರೆ ನಡುನಡುವೆ ಇನ್ನು ನಾಲ್ಕು ತೂತು ಹಾಕಿ.

ಈಗ ಲೋಟ ಕೂರುವ ಮೆಟ್ಟು. ಕೆಳಗಿನ ಅಂಚಿನಿಂದ 8.5 ಸೆಂ.ಮೀ. ಎತ್ತರದಲ್ಲಿ ಸಣ್ಣ ಮೊಳೆಯಿಂದ ಎದುರುಬದುರು ತೂತು ಮಾಡಿ ಎರಡು ಕಡ್ಡಿ ತೂರಿಸಿ. ಎರಡರ ನಡುವೆ 3 ಸೆಂ.ಮೀ. ಅಂತರ. ಅವುಗಳ ಮೇಲೆ, ಕೂದಲೆಳೆಯಷ್ಟು ಎತ್ತರದಲ್ಲಿ, ಅಡ್ಡಲಾಗಿ ಇನ್ನೆರಡು. ಮೇಲಿನಿಂದ ನೋಡಿದರೆ ಚೌಕಾಬಾರದ ಮನೆ ಬರೆದ ಹಾಗೆ ಕಾಣಬೇಕು. ಕಡ್ಡಿಗಳನ್ನು ಡಬ್ಬದ ಅಗಲಕ್ಕಿಂತ 3 ಸೆಂ.ಮೀ. ಉದ್ದ ಬಿಟ್ಟು ಕತ್ತರಿಸಿ, ಹೊರಗೆ ಚಾಚಿದ ತುದಿಗಳನ್ನು ಇಕ್ಕಳದಿಂದ ಕೆಳಕ್ಕೆ ಬಗ್ಗಿಸಿ. ಇಲ್ಲದಿದ್ದರೆ ಕತ್ತಲಲ್ಲಿ ಕೈಗೆ ಚುಚ್ಚುತ್ತವೆ.

ಲೋಟವನ್ನು ಡಬ್ಬದ ಬಾಯಿಯ ಮೇಲೆ ಇಡುವುದಲ್ಲ, 3 ಸೆಂ.ಮೀ. ಒಳಗೆ ಇಳಿಸುವುದು. ಇದರಲ್ಲಿ ಎರಡು ಲಾಭ. ಸುತ್ತ ತಗಡಿನ ಗೋಡೆ ಇರುವುದರಿಂದ ಲೋಟ ಜಾರಿ ಬೀಳುವುದಿಲ್ಲ. ಮತ್ತೆ ಮೇಲೆ ಹೋಗುವ ಬಿಸಿ ಗಾಳಿ ಲೋಟದ ಮೈಗೆ ಒರಸಿಕೊಂಡೇ ಹೋಗಬೇಕು, ತಳದ ಜೊತೆ ಪಕ್ಕವೂ ಕಾಯುತ್ತದೆ. ಲೋಟದ ಸುತ್ತ ಒಂದು ಬೆರಳಿನಷ್ಟಾದರೂ ಸಂದು ಇರಲೇಬೇಕು. ಅಗಲವಾದ ಕಪ್ ಇಟ್ಟು ಬಾಯಿ ಪೂರ್ತಿ ಮುಚ್ಚಿದರೆ ಗಾಳಿ ಹೋಗಲು ದಾರಿ ಇಲ್ಲದೆ ಬತ್ತಿ ಆರುತ್ತದೆ, ಇಲ್ಲವೇ ಹೊಗೆಯಾಡುತ್ತದೆ. ಅಂಥ ಕಪ್ಪೇ ಬೇಕು ಅನ್ನುವವರು ಮೇಲಿನ ಅಂಚಿನ ಕೆಳಗೂ ಹನ್ನೆರಡು ತೂತು ಹಾಕಿಕೊಳ್ಳಿ.

ಅಂತರದ ಕಥೆ

ಇಡೀ ಕೆಲಸದಲ್ಲಿ ಲೆಕ್ಕ ತಪ್ಪಬಾರದ ಜಾಗ ಒಂದೇ: ಉರಿಯ ತುದಿಗೂ ಲೋಟದ ತಳಕ್ಕೂ ನಡುವಿನ ದೂರ.

ನನ್ನ ಮೊದಲ ಡಬ್ಬದಲ್ಲಿ ಕಡ್ಡಿಗಳನ್ನು ತುಂಬಾ ಕೆಳಗೆ ಹಾಕಿದ್ದೆ. ಹತ್ತಿರ ಇದ್ದಷ್ಟೂ ಬಿಸಿ ಜಾಸ್ತಿ ಅಂತ ಲೆಕ್ಕ. ಉರಿ ನೇರವಾಗಿ ಲೋಟದ ತಳಕ್ಕೆ ತಾಗುತ್ತಿತ್ತು. ಹತ್ತು ನಿಮಿಷಕ್ಕೆ ಲೋಟ ತೆಗೆದರೆ ತಳ ಕಪ್ಪೋ ಕಪ್ಪು. "ಲೋ, ಇದು ಕಾಫಿ ಲೋಟಾನೋ ಕಾಡಿಗೆ ಬಟ್ಟಲೋ?" ಅಂತ ಅಮ್ಮ ಕೇಳಿದ್ದು. ಅವರು ಬೈದಿದ್ದರಲ್ಲೇ ಉತ್ತರವೂ ಇತ್ತು. ಹಿಂದೆ ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದದ್ದು ಹೀಗೇ ಅಲ್ವಾ? ಹರಳೆಣ್ಣೆ ದೀಪ ಹಚ್ಚಿ, ಉರಿಗೆ ತಾಗುವ ಹಾಗೆ ತಟ್ಟೆ ಬೋರಲು ಹಾಕುತ್ತಿದ್ದರು.

ಮೇಣದಬತ್ತಿಯ ಹಳದಿ ಬೆಳಕು ಬರುವುದು ಉರಿಯೊಳಗೆ ಕೆಂಡದಂತೆ ಕಾದ ಇಂಗಾಲದ ಸಣ್ಣ ಕಣಗಳಿಂದ. ಸುಮ್ಮನೆ ಬಿಟ್ಟರೆ ಅವು ಉರಿಯ ಮೇಲ್ತುದಿಗೆ ಬರುವಷ್ಟರಲ್ಲಿ ಗಾಳಿ ಸಿಕ್ಕಿ ಸುಟ್ಟುಹೋಗುತ್ತವೆ. ನಡುವೆ ತಣ್ಣನೆ ಲೋಹ ಅಡ್ಡ ಬಂದರೆ ಸುಡುವ ಮೊದಲೇ ಆರಿ ಅಲ್ಲೇ ಅಂಟಿಕೊಳ್ಳುತ್ತವೆ. ಅದೇ ಮಸಿ. ಮಸಿ ಅಂದರೆ ಪೂರ್ತಿ ಸುಡದೆ ಉಳಿದ ಮೇಣ. ಹತ್ತಿರ ಇಟ್ಟು ಬಿಸಿ ಗಳಿಸಿದೆ ಅಂದುಕೊಂಡವನು ಬಿಸಿಯನ್ನೇ ಮಸಿಯಾಗಿ ಲೋಟಕ್ಕೆ ಬಳಿದಿದ್ದೆ.

ಟೀ ಲೈಟ್ ಎತ್ತರ 1.6 ಸೆಂ.ಮೀ. ಇರುತ್ತದೆ. ಉರಿ ಅದರ ಮೇಲೆ ಎರಡು ಸೆಂ.ಮೀ. ಆಸುಪಾಸು. ಕಡ್ಡಿಗಳನ್ನು 8.5 ಸೆಂ.ಮೀ.ಗೆ ಹಾಕಿದರೆ ಉರಿಯ ತುದಿಯಿಂದ ತಳಕ್ಕೆ ನಾಲ್ಕೂವರೆ, ಐದು ಸೆಂ.ಮೀ. ಉಳಿಯುತ್ತದೆ. ಮಸಿ ಕಟ್ಟದೆ ಬಿಸಿ ತಾಗುವುದಕ್ಕೆ ಅಷ್ಟು ಸರಿ. ಬೇರೆ ಅಳತೆಯ ಡಬ್ಬ ಸಿಕ್ಕರೆ ಈ ನಾಲ್ಕೂವರೆಯನ್ನು ಹಿಡಿದುಕೊಂಡು ಉಳಿದದ್ದನ್ನು ಹೊಂದಿಸಿಕೊಳ್ಳಿ. ಬತ್ತಿಯ ದಾರ ಉದ್ದವಾಗಿದ್ದರೂ ಉರಿ ಎತ್ತರಕ್ಕೆ ಏಳುತ್ತದೆ. ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ.

ಮೊದಲ ಉರಿ

ಕಾಫಿ ಇಡುವ ಮೊದಲು ಒಂದು ಸಲ ಬರಿ ಡಬ್ಬವನ್ನು ಅಂಗಳದಲ್ಲಿ ಇಟ್ಟು ಪೂರ್ತಿ ಒಂದು ಬತ್ತಿ ಉರಿಸಿ. ಇಂಥ ಡಬ್ಬಗಳ ಒಳಗೆ ಒಂದು ತೆಳು ಲೇಪ ಇರುತ್ತದೆ. ಕಡ್ಡಿಗೂ ಎಣ್ಣೆ ಜಿಡ್ಡು ಇರುತ್ತದೆ. ಅದೆಲ್ಲ ಸುಟ್ಟು ವಾಸನೆ ಹೊರಗೇ ಹೋಗಲಿ.

ಎರಡನೇ ಸಲ ಲೋಟದಲ್ಲಿ ಬಿಸಿ ನೀರು ಹಾಕಿ ನೋಡಿ. ಒಂದೇ ಥರದ ಎರಡು ಲೋಟ ತೆಗೆದುಕೊಂಡು ಒಂದೇ ಅಳತೆಯ ಬಿಸಿ ನೀರು ಹಾಕಿ. ಒಂದು ಡಬ್ಬದಲ್ಲಿ, ಇನ್ನೊಂದು ಪಕ್ಕದಲ್ಲಿ. ಅರ್ಧ ಗಂಟೆ ಬಿಟ್ಟು ಎರಡನ್ನೂ ಕುಡಿದು ನೋಡಿದರೆ ಸಾಕು, ಥರ್ಮಾಮೀಟರ್ ಬೇಕಿಲ್ಲ. ಆಮೇಲೆ ಇದೇ ಪರೀಕ್ಷೆಯನ್ನು ಡಬ್ಬದ ಲೋಟಕ್ಕೆ ಬಟ್ಟಲು ಮುಚ್ಚಿ ಮತ್ತೊಮ್ಮೆ ಮಾಡಿ. ಈ ಸಲದ ವ್ಯತ್ಯಾಸ ನೋಡಿ ನನಗೇ ಆಶ್ಚರ್ಯವಾಯಿತು. ಬಿಸಿ ಪಾನೀಯ ಶಾಖ ಕಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಮೇಲಿನಿಂದ ಏಳುವ ಹಬೆಯದು. ಬತ್ತಿ ಕೆಳಗಿನಿಂದ ತುಂಬುತ್ತಿರುವಾಗ ಮೇಲೆ ಬಾಯಿ ತೆರೆದಿಟ್ಟರೆ ಸೋರುವ ಬಿಂದಿಗೆಗೆ ನೀರು ಹೊಯ್ದ ಹಾಗೆ. ಮುಚ್ಚಿದರೆ ಕಾಫಿ ಮೇಲೆ ಕೆನೆ ಕಟ್ಟುವುದೂ ಕಡಿಮೆಯಾಗುತ್ತದೆ.

ದಿನಬಳಕೆಯ ಕ್ರಮ ಇಷ್ಟೇ. ಇಟ್ಟಿಗೆ, ಅದರ ಮೇಲೆ ತಟ್ಟೆ, ನಡುವೆ ಬತ್ತಿ. ಬತ್ತಿ ಹಚ್ಚಿ, ಡಬ್ಬ ಇಳಿಸಿ. ಆಗಲೇ ಕುದಿ ಬಂದ ಕಾಫಿಯನ್ನೇ ಲೋಟಕ್ಕೆ ಹಾಕಿ ಇಡಿ, ತಣ್ಣಗಾದದ್ದನ್ನು ಇಟ್ಟು ಬಿಸಿಯಾಗಲಿ ಅಂತ ಕಾಯಬೇಡಿ. ಬಟ್ಟಲು ಮುಚ್ಚಿ. ಕುಡಿಯುವಾಗ ಲೋಟದ ಕಂಠವನ್ನು ಮಸಿಬಟ್ಟೆಯಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎತ್ತಿ. ಡಬ್ಬದ ಮೈ ಚುರುಕ್ ಅನ್ನುವಷ್ಟು ಕಾದಿರುತ್ತದೆ.

ಬೆಂಕಿಯ ವಿಷಯದಲ್ಲಿ

ಒಂದು ಬತ್ತಿ ಸಾಲದು ಅನಿಸಿ ನಾನು ಒಂದು ಸಲ ಎರಡು ಇಟ್ಟೆ. ಒಂದರ ಶಾಖಕ್ಕೆ ಇನ್ನೊಂದರ ಮೇಣವೂ ಕಾಯುತ್ತದೆ. ಎರಡೂ ಬಟ್ಟಲುಗಳಲ್ಲಿ ಮೇಣ ಪೂರ್ತಿ ನೀರಾಗಿ, ಉರಿ ಎರಡರಷ್ಟು ಎತ್ತರಕ್ಕೆ ಎದ್ದಿತು. ಹೀಗೇ ಬಿಟ್ಟರೆ ಬರೀ ಬತ್ತಿಯ ದಾರವಲ್ಲ, ಮೇಣದ ಮೇಲ್ಮೈಯೇ ಹೊತ್ತಿಕೊಳ್ಳಬಹುದು. ಅಂಥ ಹೊತ್ತಿನಲ್ಲಿ ಕೈ ತಾನಾಗಿ ನೀರಿನ ಚೊಂಬಿನ ಕಡೆ ಹೋಗುತ್ತದೆ. ಉರಿಯುವ ಮೇಣಕ್ಕೆ ನೀರು ಹಾಕಲೇಬಾರದು. ನೀರು ಮೇಣಕ್ಕಿಂತ ಭಾರ, ತಳಕ್ಕೆ ಇಳಿದು ಒಮ್ಮೆಲೇ ಹಬೆಯಾಗಿ ಉರಿಯುವ ಮೇಣವನ್ನು ಮುಖಕ್ಕೇ ಎರಚುತ್ತದೆ. ಸ್ಟೀಲ್ ಮುಚ್ಚಳ ಮುಚ್ಚಿ, ಗಾಳಿ ಸಿಗದೆ ತಾನಾಗಿ ಆರುತ್ತದೆ. ಒಂದು ಡಬ್ಬಕ್ಕೆ ಒಂದೇ ಬತ್ತಿ.

ಬೆಂಕಿಕಡ್ಡಿಯ ಚೂರು ಮೇಣದೊಳಗೆ ಬಿದ್ದರೆ ತೆಗೆದುಬಿಡಿ, ಅದೂ ಎರಡನೇ ಬತ್ತಿಯಾಗಿ ಉರಿಯುತ್ತದೆ. ಪ್ಲಾಸ್ಟಿಕ್ ಮೇಜು, ಚಾಪೆ, ಹಾಸಿಗೆ ಹತ್ತಿರ ಬೇಡ. ಕಿಟಕಿ ಬಾಗಿಲು ಎಲ್ಲ ಹಾಕಿದ ಕೋಣೆಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಉರಿಸಬೇಡಿ. ಮಲಗುವ ಮುಂಚೆ ಆರಿಸಿ. ಚಿಕ್ಕ ಮಕ್ಕಳು, ಬೆಕ್ಕು ಓಡಾಡುವ ಕಡೆ ನೆಲದ ಮೇಲೆ ಇಡಬೇಡಿ. ಅಪ್ಪ ಎದ್ದು ಹೋಗುವ ಮುಕ್ಕಾಲು ಗಂಟೆಯೂ ಜಗುಲಿಯಲ್ಲಿ ನಾನೋ ಅಮ್ಮನೋ ಕೂತಿರುತ್ತೇವೆ. ಕೂರುವವರು ಇಲ್ಲದ ದಿನ ಫ್ಲಾಸ್ಕ್.

ಹುಳು ಸಾಕುವವರಿಗೆ ಒಂದು ಮಾತು. ಇದನ್ನು ಹುಳು ಮನೆಯೊಳಗೆ ಒಯ್ಯಬೇಡಿ. ಅಲ್ಲಿ ಹಳೇ ಪೇಪರು, ಬಿದಿರಿನ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಎಲ್ಲವೂ ಕಿಡಿ ಬಿದ್ದರೆ ಸಾಕು ಅನ್ನುವಂಥವು. ಸೊಳ್ಳೆ ಬತ್ತಿ, ಊದುಬತ್ತಿ ಹುಳುಗಳ ಹತ್ತಿರ ಹಚ್ಚಬಾರದು ಅಂತ ಹೇಗೆ ಪಾಲಿಸುತ್ತೀರೋ ಸುವಾಸನೆಯ ಮೇಣದಬತ್ತಿಗೂ ಅದೇ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ಹುಳುಗಳಿಗೆ, 26ರಿಂದ 28 ಡಿಗ್ರಿ ಬೇಕು ಅಂತ ಇದನ್ನು ಹೀಟರ್ ಮಾಡಲು ಹೊರಡಬೇಡಿ. ಮೇಲಿನ ವ್ಯಾಟ್ ಲೆಕ್ಕ ಇನ್ನೊಮ್ಮೆ ನೋಡಿ.

ಯಾವುದು ಇಡಬಹುದು, ಎಷ್ಟು ಹೊತ್ತು

ಜೀರಿಗೆ ಕಷಾಯ, ಶುಂಠಿ ನೀರು, ಕಪ್ಪು ಚಹಾ ಇವಕ್ಕೆಲ್ಲ ಯೋಚನೆ ಇಲ್ಲ. ಹಾಲು ಹಾಕಿದ್ದಕ್ಕೆ ಎರಡು ಗಂಟೆ ಮಿತಿ ಇಟ್ಟುಕೊಳ್ಳಿ. 60 ಡಿಗ್ರಿಗಿಂತ ಕೆಳಗೆ ಉಗುರುಬೆಚ್ಚಗೆ ಇರುವ ಹಾಲಿನಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಬೆಚ್ಚಗಿದೆ ಅಂದ ಮಾತ್ರಕ್ಕೆ ಕೆಟ್ಟಿಲ್ಲ ಅಂತ ಅಲ್ಲ. ರಾಗಿ ಗಂಜಿ ಇಟ್ಟರೆ ಆಗಾಗ ಕದಡುತ್ತಿರಿ. ಗಟ್ಟಿ ಇರುವುದರಿಂದ ತಳದ ಬಿಸಿ ಮೇಲೆ ಹತ್ತುವುದಿಲ್ಲ, ಅಡಿ ಹಿಡಿಯುತ್ತದೆ.

ಮೇಣದಬತ್ತಿ ಬದಲು ಎಣ್ಣೆ ಹಣತೆ ಇಡಬಹುದೇ? ಇಡಬಹುದು, ಆದರೆ ಮಸಿ ಜಾಸ್ತಿ. ತೆಳುವಾದ ಹತ್ತಿ ಬತ್ತಿ ಹಾಕಿ, ಉರಿ ಚಿಕ್ಕದಾಗಿರಲಿ. ಹೊಂಗೆ ಎಣ್ಣೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದರ ವಾಸನೆ ಕಾಫಿ ಜೊತೆ ಹೊಂದುವುದಿಲ್ಲ. ತಿಪಟೂರಿನ ನೆಂಟರು ಕಳಿಸಿದ ಕೊಬ್ಬರಿ ಎಣ್ಣೆ ಇದ್ದರೆ ವಾಸನೆ ಪರವಾಗಿಲ್ಲ. ಚಳಿಯಲ್ಲಿ ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಚ್ಚುವ ಮೊದಲು ಸ್ವಲ್ಪ ಕರಗಿಸಿಕೊಳ್ಳಬೇಕು.

ಲೋಟದ ತಳಕ್ಕೆ ಹತ್ತಿದ ಮಸಿಗೆ ಹುಣಸೆಹಣ್ಣು, ಬೂದಿ ಸಾಕು. ಉಜ್ಜುವ ಮೊದಲು ಒಣ ಕಾಗದದಲ್ಲಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಕೈಯೆಲ್ಲ ಕಪ್ಪು. ತಟ್ಟೆಗೆ ಚೆಲ್ಲಿದ ಮೇಣ ಆರಿದ ಮೇಲೆ ಚಮಚದಿಂದ ಎಬ್ಬಿಸಿದರೆ ಬಿಲ್ಲೆಯಾಗಿ ಬರುತ್ತದೆ. ಬಿಸಿ ಇರುವಾಗ ಬಚ್ಚಲಿಗೆ ಸುರಿದರೆ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಕಡ್ಡಿಗಳು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತವೆ. ಪ್ರತಿ ಚಳಿಗಾಲದ ಶುರುವಿನಲ್ಲಿ ಒಂದು ಲೋಟ ನೀರು ತುಂಬಿಟ್ಟು, ಕಡ್ಡಿ ಬಗ್ಗುತ್ತದೆಯೇ ನೋಡಿ. ನಮ್ಮದರಲ್ಲಿ ಈ ಸಲ ಎರಡು ಬದಲಾಯಿಸಿದೆ. ಡಬ್ಬ ಇನ್ನೂ ಅದೇ.